1 ಲಕ್ಷ ಕೋಟಿಯ ನಿಧಿಯೂ ನಮ್ಮ ವೆಲ್ಡಿಂಗ್ ಶೆಡ್ಡೂ

ಮಾನ್ಯ ಸಂಪಾದಕರೇ,

ಕೇಂದ್ರ ಸಚಿವ ಸಂಪುಟ 2025ರ ಜುಲೈ 1ರಂದು ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯಕ್ಕೆಂದು 1 ಲಕ್ಷ ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲು, 2023ರಲ್ಲಿ, ಸಂಶೋಧನೆಗೆ ಹಣ ಕೊಡುವ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಆಯಿತು. ಅದೇ ವರ್ಷದ ಜನವರಿಯಲ್ಲಿ 19,744 ಕೋಟಿಯ ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯಂಥ ಮೂಲದ ವಿದ್ಯುತ್ತಿನಿಂದ ನೀರು ಒಡೆದು ಮಾಡುವ ಇಂಧನ) ಮಿಷನ್ ಬಂದಿತ್ತು. ಮೂರರ ಹಿಂದೆಯೂ ಇರುವ ಆಸೆ ಒಂದೇ: ಪ್ರಯೋಗಾಲಯದಲ್ಲಿ ಹುಟ್ಟಿದ್ದು ಕಾರ್ಖಾನೆಗೆ ಮುಟ್ಟಬೇಕು. ಆಸೆ ಒಳ್ಳೆಯದೇ. ಯಾರ ಕಾರ್ಖಾನೆಗೆ ಮುಟ್ಟಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಶಿರಸಿಯಿಂದ ಕುಮಟೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ವೆಲ್ಡಿಂಗ್ ಶೆಡ್ ಇದೆ. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಅಳತೆ, ಡ್ರಾಯಿಂಗ್, ಲೆಕ್ಕಪತ್ರ ನನ್ನದು. ಬೆಂಕಿಯ ಕೆಲಸ ಯಜಮಾನರದ್ದು ಮತ್ತು ಹುಡುಗರದ್ದು. ಗೇಟು, ಗ್ರಿಲ್ಲು ಹೊಟ್ಟೆಪಾಡಿಗೆ. ಅದರಾಚೆ ನಾವು ಮಾಡುವುದು ಅಡಿಕೆ ಬೇಯಿಸುವ ಒಲೆ, ಅಡಿಕೆ ಡ್ರೈಯರ್, ಇತ್ತೀಚೆಗೆ ಅಂಕೋಲಾ, ಕಾರವಾರದ ಕಡೆಯವರು ಕೇಳಿದ್ದಕ್ಕೆ ಮೀನು ಒಣಗಿಸುವ ಸೋಲಾರ್ ಪೆಟ್ಟಿಗೆ. ದೆಹಲಿಯ ಲೆಕ್ಕದಲ್ಲಿ ಇದೂ ಶುದ್ಧ ಇಂಧನದ ಉದ್ಯಮವೇ ಆಗಬೇಕು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯ ಕಾಗದ ಗೋಡೆಯ ಮೇಲೆ ತೂಗುಹಾಕಿದ್ದೇವೆ.

ನಮ್ಮ ಜಿಲ್ಲೆಗೆ ಇಂಧನ ಹೊಸ ವಿಷಯವೇನಲ್ಲ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕ. ಕಾಳಿ ಒಂದೇ ನದಿಗೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಸಾಲು ವಿದ್ಯುದಾಗಾರ. ಗೇರುಸೊಪ್ಪೆಯಲ್ಲಿ ಶರಾವತಿಯದ್ದು ಇನ್ನೂ 240 ಮೆಗಾವಾಟ್. ತದಡಿಯಲ್ಲಿ ಕಲ್ಲಿದ್ದಲಿನದ್ದು ಬರಬೇಕಿತ್ತು, ಜನ ಎದ್ದು ನಿಂತದ್ದರಿಂದ ತಪ್ಪಿತು. ಈಗ ಶರಾವತಿಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪು ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು) ಎನ್ನುತ್ತಿದ್ದಾರೆ. ಹಾಗಾಗಿ ಇಂಧನ ಎಂದ ಕೂಡಲೇ ನಮ್ಮವರ ಬಾಯಲ್ಲಿ ಮೊದಲು ಬರುವುದು 'ಎಷ್ಟು ಎಕರೆ ಹೋಗ್ತದೆ' ಎನ್ನುವ ಪ್ರಶ್ನೆ. ಅವರನ್ನು ಅಭಿವೃದ್ಧಿ ವಿರೋಧಿಗಳು ಎನ್ನುವವರಿಗೆ ಒಂದು ನೆನಪು ಮಾಡಬೇಕು. ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲದಲ್ಲಿ, 1981ರಲ್ಲಿ, ಇದೇ ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘವೇ ಮುಂದೆ ನಿಂತು ವಿಜ್ಞಾನಿಗಳನ್ನು ಕರೆಸಿ ಯೋಜನೆಯ ಲಾಭನಷ್ಟದ ಚರ್ಚೆ ನಡೆಸಿತು. ಯೋಜನೆ ಆಮೇಲೆ ಕೈಬಿಟ್ಟುಹೋಯಿತು. ವಿಜ್ಞಾನಿಯನ್ನು ಕೂರಿಸಿಕೊಂಡು ಲೆಕ್ಕ ಕೇಳುವ ಅಭ್ಯಾಸ ಈ ಊರಿಗೆ ಮೊದಲಿನಿಂದಲೂ ಇದೆ.

ಆದರೆ ಇಲ್ಲಿ ದಿನನಿತ್ಯ ಸುಡುವ ಇಂಧನ ಯಾವುದು? ಸೌದೆ. ಕೊಯ್ಲು ಶುರುವಾದರೆ ಕೆಂಪಡಿಕೆ ಮಾಡುವ ಪ್ರತಿ ಮನೆಯಲ್ಲೂ ಹಂಡೆಯ ಕೆಳಗೆ ಬೆಂಕಿ. ಬೇಯಿಸಿದ್ದು ಬಿಸಿಲಿಗೆ, ಮಧ್ಯೆ ಅಕಾಲದ ಮಳೆ ಹನಿದರೆ ಅಟ್ಟಕ್ಕೆ, ಮತ್ತೆ ಅಟ್ಟದ ಕೆಳಗೆ ಬೆಂಕಿ. ಘಟ್ಟದ ಕೆಳಗೆ ಗೇರು ಕಾರ್ಖಾನೆ, ಐಸ್ ಪ್ಲಾಂಟ್, ಒಣಮೀನು. ಇವರಿಗೆಲ್ಲ ಬೇಕಾದದ್ದು ಶಾಖ, ಇಲ್ಲವೇ ತಂಪು. ನಮ್ಮ ಅಳತೆಯ ಈ ಕೆಲಸಕ್ಕೆ, ನನಗೆ ತಿಳಿದಂತೆ, ದೊಡ್ಡ ಕಂಪನಿಗಳು ಕೈಹಾಕುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ನಮ್ಮಂಥ ಶೆಡ್ಡುಗಳೇ ಮಾಡಬೇಕು, ಮತ್ತು ನಾವು ಬಹುಪಾಲು ಕಣ್ಣಂದಾಜಿನಲ್ಲೇ ಮಾಡುತ್ತಿದ್ದೇವೆ.

ಕಣ್ಣಂದಾಜು ಎಲ್ಲಿ ಕೈಕೊಡುತ್ತದೆ ಎಂದು ಹೇಳುತ್ತೇನೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 0.65 ಯೂನಿಟ್ ಶಾಖ ಬೇಕು (ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು). ಇದು ಪ್ರಕೃತಿಯ ರೇಟು, ಚೌಕಾಸಿ ಇಲ್ಲ. ಒಂದು ಕ್ವಿಂಟಲ್ ಹಸಿ ಬಂಗಡೆ ಒಣಗಿಸಬೇಕಾದರೆ ಐವತ್ತೈದು, ಅರವತ್ತು ಕಿಲೋ ನೀರು ಹೋಗಬೇಕು. ಅಂದರೆ ಹತ್ತಿರ ಹತ್ತಿರ 40 ಯೂನಿಟ್. ಒಳ್ಳೆಯ ಬಿಸಿಲಿದ್ದ ದಿನ ಒಂದು ಚದರ ಮೀಟರಿಗೆ ಸುಮಾರು 5 ಯೂನಿಟ್ ಸೂರ್ಯಶಾಖ ಬೀಳುತ್ತದೆ ಎಂದುಕೊಳ್ಳಿ. ಅದರ ಅರ್ಧ ಮೀನಿಗೆ ಮುಟ್ಟಿದರೆ ಪುಣ್ಯ. ಹಾಗಾದರೆ ಒಂದೇ ದಿನದಲ್ಲಿ ಕ್ವಿಂಟಲ್ ಮೀನು ಒಣಗಲು 16 ಚದರ ಮೀಟರ್ ಗಾಜಾದರೂ ಬೇಕು. ಅಂಕೋಲಾ ಕಡೆಯ ಮೀನುಗಾರ ಹರಿಕಂತ್ರ ಸಮುದಾಯದ ಹೆಂಗಸರು ಕೇಳುವುದು ಫ್ರಿಜ್ಜಿನಷ್ಟು ಪೆಟ್ಟಿಗೆ, ಹಿಡಿಯಬೇಕಾದದ್ದು ಎರಡು ಬುಟ್ಟಿ ತಾರ್ಲೆ ಮೀನು. "ಅಕ್ಕಾ, ಮೋಡ ಇದ್ದ ದಿನ ಇದು ನಡೀತದಾ?" ಎಂದು ಕೇಳುತ್ತಾರೆ. ಇಡೀ ಸೌರವಿಜ್ಞಾನದ ಕೊರಳಪಟ್ಟಿ ಹಿಡಿಯುವ ಪ್ರಶ್ನೆ ಅದು. ಬಿಸಿಲು ಸುಡುವ ಏಪ್ರಿಲ್‌ನಲ್ಲಿ ಮರಳ ಮೇಲೇ ಮೀನು ಒಣಗುತ್ತದೆ, ಪೆಟ್ಟಿಗೆ ಯಾರಿಗೆ ಬೇಕು! ಪೆಟ್ಟಿಗೆ ಬೇಕಾಗುವುದು ಜುಲೈ ಕೊನೆಗೆ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಇಳಿದ ಮೇಲೆ, ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ರಾಶಿ ಬಿದ್ದಿದ್ದು ಮಳೆ ಇನ್ನೂ ಬಿಡದೇ ಇರುವಾಗ. ಸೋಲಾರಿನ ಜೊತೆ ಸ್ವಲ್ಪ ಗೇರುಸಿಪ್ಪೆಯೋ ಸೌದೆಯೋ ಸುಟ್ಟು ಬಿಸಿಗಾಳಿ ಕೊಡುವ ಜೋಡಿ ವ್ಯವಸ್ಥೆ ಆಗಬೇಕು. ಹೊಗೆ ಮೀನಿಗೆ ತಾಗಬಾರದು. ಗೇರುಸಿಪ್ಪೆಯ ಎಣ್ಣೆಹೊಗೆ ತಾಗಿದ ಮೀನನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೊಂದು ಹೀಟ್ ಎಕ್ಸ್‌ಚೇಂಜರ್ ಬೇಕು, ಅಂದರೆ ಹೊಗೆಯನ್ನು ಬೆರೆಸದೆ ಅದರ ಬಿಸಿಯನ್ನಷ್ಟೇ ಗಾಳಿಗೆ ಕೊಡುವ ಪೈಪುಗಳ ಜೋಡಣೆ. ಅದರ ಪೈಪು ಎಷ್ಟು ಉದ್ದ, ಎಷ್ಟು ದಪ್ಪ, ಫ್ಯಾನ್ ಎಷ್ಟು ಗಾಳಿ ಎಳೆಯಬೇಕು ಎನ್ನುವುದನ್ನು ಅಳೆದು ನೋಡಿ ಹೇಳುವವರು ಬೇಕು.

ಇನ್ನು ತುಕ್ಕು. ಶಿರಸಿಯಲ್ಲಿ ಎಷ್ಟೋ ಮಳೆಗಾಲ ಬಾಳುವ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಶೀಟು ಕಾರವಾರದ ಸಮುದ್ರದ ಬದಿ ಬೇಗನೆ ಜಾಳುಜಾಳಾಗುತ್ತದೆ. ಸ್ಟೀಲಿನಲ್ಲೂ 304 ನಂಬರಿನದ್ದಕ್ಕೆ ಉಪ್ಪು ಗಾಳಿಯಲ್ಲಿ ಕಲೆ ಹತ್ತುತ್ತದೆ, ಚುಕ್ಕಿಚುಕ್ಕಿಯಾಗಿ ತೂತು ಬೀಳುತ್ತದೆ. 316ರಲ್ಲಿ ಮಾಲಿಬ್ಡಿನಮ್ ಇರುವುದರಿಂದ ತಡೆದುಕೊಳ್ಳುತ್ತದೆ, ಆದರೆ ಅದರ ರೇಟು ಕೇಳಿದರೆ ಗಿರಾಕಿ ಎದ್ದು ಹೋಗುತ್ತಾರೆ. ಎಲ್ಲಿ 316 ಹಾಕಲೇಬೇಕು, ಎಲ್ಲಿ ಬಣ್ಣದ ಲೇಪ ಸಾಕು? ಈ ಪ್ರಶ್ನೆಗೆ ಉತ್ತರ ನಮ್ಮ ದೇಶದಲ್ಲಿ ಇಲ್ಲದೇ ಇಲ್ಲ. ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ ಇದೆ. ಬ್ಯಾಟರಿಯ ಜೊತೆಗೆ ತುಕ್ಕಿನ ಅಧ್ಯಯನವೂ ಅವರದ್ದು. ಅದಕ್ಕೆಂದು ಮಂಡಪಂನ ಕಡಲತಡಿಯಲ್ಲೇ ಅವರ ಘಟಕವಿದೆ. ಆ ಸಂಸ್ಥೆ ಹುಟ್ಟಿದ್ದೂ ಹೇಗೆ? 1948ರಲ್ಲಿ ಶಂಕುಸ್ಥಾಪನೆಯಾದಾಗ ಅಳಗಪ್ಪ ಚೆಟ್ಟಿಯಾರ್ ಎನ್ನುವ ಉದ್ಯಮಿ 300 ಎಕರೆ ಜಾಗ ಮತ್ತು 15 ಲಕ್ಷ ರೂಪಾಯಿ ಕೊಟ್ಟಿದ್ದರು. ಕಾರೈಕುಡಿ ಮಹಾನಗರವೇನಲ್ಲ. ರಾಷ್ಟ್ರೀಯ ಸಂಸ್ಥೆ ಸಣ್ಣ ಊರಿನಲ್ಲಿ ನಡೆಯುವುದಿಲ್ಲ ಎನ್ನುವವರು ಅಲ್ಲಿಗೊಮ್ಮೆ ಹೋಗಿಬರಲಿ.

ಉತ್ತರ ಇದ್ದರೂ ನಮ್ಮ ತನಕ ಬರುವುದಿಲ್ಲ, ಅಷ್ಟೇ. ಡ್ರೈಯರಿನ ವಿಷಯವಾಗಿ ಒಂದು ರಾಷ್ಟ್ರೀಯ ಸಂಸ್ಥೆಗೆ ಬರೆದಿದ್ದೆ. ಹೆಸರು ಇಲ್ಲಿ ಬೇಡ. ಬಹಳ ದಿನದ ಮೇಲೆ ಉತ್ತರ ಬಂತು, ಮರ್ಯಾದೆಯಿಂದಲೇ ಬರೆದಿದ್ದರು. ಉದ್ಯಮ ಪಾಲುದಾರರಾಗಲು ಬಯಸಿದರೆ ಜೊತೆಗಿಟ್ಟ ಅರ್ಜಿ ತುಂಬಿ, ಸಂಶೋಧನಾ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಕಳಿಸಿ ಎಂದಿತ್ತು. ನಮ್ಮಲ್ಲಿ ಸಂಶೋಧನಾ ವಿಭಾಗ ಎಂದರೆ ನಾನು, ಮಧ್ಯಾಹ್ನ ಊಟವಾದ ಮೇಲೆ. ಪರೀಕ್ಷೆಯ ದರಪಟ್ಟಿಯನ್ನೂ ಇಟ್ಟಿದ್ದರು. ಪೆಟ್ಟಿಗೆಯನ್ನು ಲಾರಿಯಲ್ಲಿ ಹಾಕಿ ಅಷ್ಟು ದೂರ ಕಳಿಸುವ ಖರ್ಚಿನಲ್ಲಿ ಇನ್ನೊಂದು ಪೆಟ್ಟಿಗೆಯೇ ಆಗುತ್ತದೆ.

ಪರೀಕ್ಷೆ ಯಾಕೆ ಮುಖ್ಯವೆಂದರೆ, ಪ್ರಮಾಣಪತ್ರ ಇಲ್ಲದವರ ಮಾಲಿಗೆ ಸಬ್ಸಿಡಿ ಸಿಗುವುದು ಕಷ್ಟ. ಸಬ್ಸಿಡಿ ಇಲ್ಲದ್ದನ್ನು ರೈತರು ಕೊಳ್ಳುವುದಿಲ್ಲ. ಸೌರಶಕ್ತಿಯ ರಾಷ್ಟ್ರೀಯ ಸಂಸ್ಥೆ ಗುರುಗ್ರಾಮದ ಬಳಿ ಇದೆ, ಜೈವಿಕ ಇಂಧನದ್ದು ಪಂಜಾಬಿನ ಕಪೂರ್ಥಲದಲ್ಲಿ, ಪವನಶಕ್ತಿಯದ್ದು ಚೆನ್ನೈಯಲ್ಲಿ. ಇರಲಿ, ಎಲ್ಲೋ ಒಂದು ಕಡೆ ಇರಲೇಬೇಕು. ಆದರೆ ಗುರುಗ್ರಾಮದ ಒಣಹವೆಯಲ್ಲಿ ಪಾಸಾದ ಡ್ರೈಯರು ಆಗಸ್ಟಿನ ಕಾರವಾರದಲ್ಲಿ ಏನು ಮಾಡುತ್ತದೆ ಎಂದು ಗುರುಗ್ರಾಮದವರು ಹೇಗೆ ಹೇಳಿಯಾರು? ಹೊರಗಿನ ಗಾಳಿಯೇ ನೀರು ಕುಡಿದು ಕೂತಿರುವಾಗ ಅದನ್ನು ಬಿಸಿ ಮಾಡದೆ ಎಷ್ಟು ಊದಿದರೂ ಮೀನು ಒಣಗುವುದಿಲ್ಲ.

ನಮ್ಮ ಕಸುಬಿನವರ ತಪ್ಪೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಒಬ್ಬರು ಒಳ್ಳೆಯ ಒಲೆ ಮಾಡಿದರೆ ಪಕ್ಕದವರು ಅದನ್ನೇ ಅಳತೆ ತೆಗೆದು, ಶೀಟು ತೆಳ್ಳಗೆ ಮಾಡಿ, ಚಿಮಣಿ ಗಿಡ್ಡ ಮಾಡಿ, ಕಡಿಮೆ ಕೊಟೇಶನ್ ಹಾಕುತ್ತಾರೆ. ಚಿಮಣಿ ಗಿಡ್ಡವಾದರೆ ಗಾಳಿಯ ಎಳೆತ ಹೋಯಿತು, ಹೊಗೆ ಅಡುಗೆಮನೆಗೆ ಬಂತು, ಹೆಸರು ಕೆಟ್ಟದ್ದು ಎಲ್ಲ ಸುಧಾರಿತ ಒಲೆಗಳದ್ದೂ. ಒಂದು ಪರೀಕ್ಷಾ ಮುದ್ರೆ ಎನ್ನುವುದು ಹತ್ತಿರದಲ್ಲೇ ಇದ್ದಿದ್ದರೆ ಇಂಥವರಿಗೆ ಲಗಾಮು ಬೀಳುತ್ತಿತ್ತು.

ಹೀಗೆ ಸಣ್ಣವರನ್ನು ಜೊತೆಗಿಟ್ಟುಕೊಂಡು ರಾಷ್ಟ್ರೀಯ ಕೇಂದ್ರವೊಂದು ಉದ್ಯಮ ಕಟ್ಟಿದ್ದಕ್ಕೆ ಡೆನ್ಮಾರ್ಕಿನ ಉದಾಹರಣೆ ಇದೆ. ಅಲ್ಲಿ ರಿಸೋ ಎನ್ನುವುದು ಮೂಲತಃ ಅಣುಶಕ್ತಿ ಸಂಶೋಧನಾ ಕೇಂದ್ರ (ಕೈಗಾದ ಪಕ್ಕದಲ್ಲಿ ಬದುಕುವ ನಮಗೆ ಇದು ತಮಾಷೆ ಎನಿಸೀತು). 1978ರಲ್ಲಿ ಅಲ್ಲಿ ವಿದ್ಯುತ್ ಮಾಡುವ ಸಣ್ಣ ಗಾಳಿಯಂತ್ರಗಳ ಪರೀಕ್ಷಾ ಠಾಣೆ ಶುರುವಾಯಿತು. ಮರುವರ್ಷ ಸರ್ಕಾರ ಗಾಳಿಯಂತ್ರ ಹಾಕುವವರಿಗೆ ಶೇ 30ರಷ್ಟು ಸಹಾಯಧನ ಘೋಷಿಸಿ, ರಿಸೋದ ಒಪ್ಪಿಗೆ ಪಡೆದ ಯಂತ್ರಕ್ಕೆ ಮಾತ್ರ ಎಂದು ಷರತ್ತು ಹಾಕಿತು. ಆಗ ಯಂತ್ರ ಮಾಡುತ್ತಿದ್ದವರು ಯಾರು? ಕ್ರಿಸ್ಟಿಯನ್ ರೀಸಾಗರ್ ಎಂಬ ಬಡಗಿ. ಕೃಷಿ ಸಲಕರಣೆ, ಕ್ರೇನು ಮಾಡುತ್ತಿದ್ದ ವೆಸ್ಟಾಸ್. ಲಾರಿ ಟ್ಯಾಂಕು ಬೆಸೆಯುತ್ತಿದ್ದ ನಾರ್ಡ್‌ಟ್ಯಾಂಕ್. ಇವರು ಯಂತ್ರ ತಂದರು, ಠಾಣೆಯ ಎಂಜಿನಿಯರುಗಳು ಅಳೆದರು, ಬ್ರೇಕು ಸಾಲದು, ರೆಕ್ಕೆಯ ಬುಡ ಗಟ್ಟಿಯಿಲ್ಲ ಎಂದು ಹೇಳಿದರು, ಇವರು ತಿದ್ದಿಕೊಂಡು ಮತ್ತೆ ಬಂದರು. ಕೆಲವೇ ವರ್ಷಗಳಲ್ಲಿ ಡೆನ್ಮಾರ್ಕಿನ ಯಂತ್ರಗಳು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಸಾಲುಸಾಲು ಹೋದವು. ಅದೇ ಹೊತ್ತಿಗೆ ಪಕ್ಕದ ಜರ್ಮನಿಯಲ್ಲಿ ದೊಡ್ಡ ಕಂಪನಿಗಳನ್ನು ಹಿಡಿದು 3 ಮೆಗಾವಾಟಿನ ಗ್ರೋವಿಯಾನ್ ಎಂಬ ದೈತ್ಯನನ್ನು ಒಮ್ಮೆಗೇ ನಿಲ್ಲಿಸಿದರು. 1983ರಲ್ಲಿ ನಿಂತ ಅದು ಕೆಲವು ನೂರು ಗಂಟೆಯಷ್ಟೇ ಓಡಿ, ಬಿರುಕು ಬಿಟ್ಟು, ಆ ದಶಕದ ಕೊನೆಗೆ ಬಿಚ್ಚಿಸಿಕೊಂಡಿತು. ವೆಸ್ಟಾಸ್ ಇವತ್ತು ಜಗತ್ತಿನ ದೊಡ್ಡ ಗಾಳಿಯಂತ್ರ ಕಂಪನಿಗಳಲ್ಲೊಂದು.

ಡೆನ್ಮಾರ್ಕು ದೂರವಾಯಿತು ಎನ್ನುವವರಿಗೆ ಬೆಂಗಳೂರಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ರೆಡ್ಡಿಯವರು ಹೆಸರಾಂತ ವಿದ್ಯುತ್‌ರಸಾಯನ ವಿಜ್ಞಾನಿ, ಬೇಕೆಂದರೆ ಜೀವನಪೂರ್ತಿ ಅದರಲ್ಲೇ ಇರಬಹುದಿತ್ತು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು, ಹಳ್ಳಿಯ ಒಲೆ, ಗೋಬರ್ ಗ್ಯಾಸು, ಮಣ್ಣಿನ ಇಟ್ಟಿಗೆ ಎಲ್ಲ ಅಲ್ಲಿ ಪ್ರಯೋಗವಾದವು. ಅಸ್ತ್ರ ಒಲೆ ನಮ್ಮ ಜಿಲ್ಲೆಯ ಮನೆಗಳಿಗೂ ಬಂತು. ಬೂದಿ ಬೀಳುವ ಕಬ್ಬಿಣದ ಜಾಲರಿ, ಅಳೆದಷ್ಟೇ ಗಾಳಿ ಬಿಡುವ ಬಾಯಿ, ಪಾತ್ರೆಗೆ ಅಂಟಿಕೊಂಡು ಹೋಗುವ ಬೆಂಕಿ: ನಾವು ಇವತ್ತು ಮಾಡುವ ಅಡಿಕೆ ಒಲೆಯಲ್ಲೂ ಇರುವುದು ಅದೇ ತತ್ವ. ಒಲೆ ಕಟ್ಟಲು ಊರೂರಿನವರಿಗೆ ತರಬೇತಿ ಕೊಟ್ಟರು, ಅದಕ್ಕೇ ಅದು ಹಬ್ಬಿತು. ಕೊಳ್ಳುವವರು ಅಂದೂ ಇಂದೂ ಕೇಳುವುದು ಒಂದೇ. "ಕಟ್ಗೆ ಎಷ್ಟ್ ಉಳೀತು, ಅದ್ನ ಹೇಳೇ ತಂಗಿ" ಎನ್ನುತ್ತಾರೆ ನಮ್ಮ ಹಿರಿಯ ಗಿರಾಕಿಗಳು. ದಕ್ಷತೆಯ ಶೇಕಡಾವಾರು ಹೇಳಿದರೆ ಅವರಿಗೆ ತಲೆಗೆ ಹೋಗುವುದಿಲ್ಲ.

ಕಾರವಾರದಲ್ಲೇ ಇನ್ನೊಂದು ಮಾದರಿಯಿದೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದವರು ಪಂಜರದಲ್ಲಿ ಮೀನು ಸಾಕುವುದನ್ನು ಕಡಲಿನಲ್ಲೇ ಮಾಡಿ ತೋರಿಸಿದರು. ಬಲೆಗೆ ಏನು ಕಟ್ಟುತ್ತದೆ, ಅಲೆಗೆ ಚೌಕಟ್ಟು ಎಲ್ಲಿ ಮುರಿಯುತ್ತದೆ ಎನ್ನುವುದು ಮೀನುಗಾರರಿಗೂ ವಿಜ್ಞಾನಿಗಳಿಗೂ ಒಂದೇ ದೋಣಿಯಲ್ಲಿ ಕೂತು ಗೊತ್ತಾಗುವ ವಿಷಯ. ಮೀನು ಹಿಡಿಯುವುದಕ್ಕೆ, ಸಾಕುವುದಕ್ಕೆ ಇರುವ ಈ ನಂಟು ಮೀನು ಒಣಗಿಸುವ ಶಾಖಕ್ಕೆ ಯಾಕೆ ಇರಬಾರದು?

ಈಗ ಆ 1 ಲಕ್ಷ ಕೋಟಿಗೆ ಬರುತ್ತೇನೆ. ಇದು ಕಡಿಮೆ ಬಡ್ಡಿಯ, ಇಲ್ಲವೇ ಬಡ್ಡಿಯೇ ಇಲ್ಲದ ದೀರ್ಘಾವಧಿ ಸಾಲವಾಗಿ, ಹೂಡಿಕೆಯಾಗಿ ಖಾಸಗಿಯವರಿಗೆ ಹೋಗುತ್ತದೆ, ನಡುವೆ ನಿಧಿ ನಿರ್ವಾಹಕರು ಇರುತ್ತಾರೆ. ತಂತ್ರಜ್ಞಾನ ಎಷ್ಟು ಮಾಗಿದೆ ಎಂದು ಅಳೆಯುವ ಒಂಬತ್ತು ಮೆಟ್ಟಿಲುಗಳಲ್ಲಿ ನಾಲ್ಕನೆಯದಕ್ಕೂ ಅದರ ಮೇಲಿನದ್ದಕ್ಕೂ ಹಣ. ನಾಲ್ಕನೆಯದು ಎಂದರೆ ಪ್ರಯೋಗಾಲಯದಲ್ಲಿ ನಡೆಯಿತು ಎಂದರ್ಥ, ಒಂಬತ್ತೆಂದರೆ ನಿಜವಾದ ಬಳಕೆಯಲ್ಲಿ ನಡೆಯುತ್ತಿದೆ ಎಂದು. ಐದರಿಂದ ಎಂಟರವರೆಗೆ ಆಗುವ ಕೆಲಸವೇ ನಮ್ಮ ಶೆಡ್ಡಿನ ಕೆಲಸ: ಅಡಿಕೆ ಬೇಯಿಸಿದ ಕೆಂಪು ರಸ, ತೊಗರು, ಹತ್ತಿದರೆ ತೊಳೆಯಲು ಬರುತ್ತದೆಯೇ, ವೋಲ್ಟೇಜ್ ಇಳಿದಾಗ ಫ್ಯಾನ್ ಮೋಟಾರ್ ಸುಡುತ್ತದೆಯೇ, ಇಲಿ ವೈರು ಕಡಿದರೆ ಏನು, ಹಸಿ ಸೌದೆ ತುರುಕಿದರೆ ಏನು. ಮುಂಬೈಯಲ್ಲಿ ಕೂತ ನಿಧಿ ನಿರ್ವಾಹಕರು ಎರಡು ಮೂರು ಲಕ್ಷ ರೂಪಾಯಿಗೆ ಒಂದು ಶೆಡ್ಡಿನ ಕಡತ ತೆರೆಯುತ್ತಾರೆಂದು ನನಗೆ ನಂಬಿಕೆ ಇಲ್ಲ. ಅವರನ್ನು ದೂರುವುದೂ ತಪ್ಪು. ಕೋಟಿಗಳ ಕಡತಕ್ಕೂ ಲಕ್ಷದ ಕಡತಕ್ಕೂ ಅವರಿಗೆ ಅಷ್ಟೇ ಶ್ರಮ. ಹಸಿರು ಹೈಡ್ರೋಜನ್ ಮಿಷನ್ನಿನಲ್ಲೂ ಸಂಶೋಧನೆಗೆಂದು ಇಟ್ಟದ್ದು 400 ಕೋಟಿ, ಒಟ್ಟು ಹಣದ ನೂರಕ್ಕೆ ಎರಡು. ಹೈಡ್ರೋಜನ್ ಬೇಡವೆನ್ನುತ್ತಿಲ್ಲ, ಉಕ್ಕಿಗೆ, ಗೊಬ್ಬರಕ್ಕೆ ಬೇಕಾದೀತು. ಅಡಿಕೆ ಹಂಡೆಯ ಕೆಳಗೆ ಅದು ನನ್ನ ಜೀವಮಾನದಲ್ಲಿ ಉರಿಯುವುದಿಲ್ಲ.

ನನ್ನ ಬೇಡಿಕೆ ಚಿಕ್ಕದು. ಮೊದಲು ಹೇಳಿದ ಅನುಸಂಧಾನ ಪ್ರತಿಷ್ಠಾನದ ಹಣದಲ್ಲಿ ಉತ್ತರ ಕನ್ನಡಕ್ಕೆ ಒಂದು ಪರೀಕ್ಷಾ ಅಂಗಳ ಬೇಕು. ಹೊಸ ಕಟ್ಟಡ, ಶಿಲಾಫಲಕ ಏನೂ ಬೇಡ. ಕಾರವಾರದ ಬಳಿಯ ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ಉಪ್ಪು ಗಾಳಿ ಅಲ್ಲಿ ಪುಕ್ಕಟೆ. ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ, ಸೌದೆಯ ವಿಷಯ ಅವರಿಗೆ ಗೊತ್ತು. ಈ ಎರಡು ಕಡೆ ಶಾಖ, ತೇವ, ಗಾಳಿಯ ವೇಗ, ಹೊಗೆ ಅಳೆಯುವ ಉಪಕರಣ ಇಟ್ಟು, ಯಾರು ಬೇಕಾದರೂ ತಮ್ಮ ಒಲೆಯನ್ನೋ ಡ್ರೈಯರನ್ನೋ ಪಿಕಪ್ ಗಾಡಿಯಲ್ಲಿ ತಂದು ಪರೀಕ್ಷೆ ಮಾಡಿಸಿಕೊಂಡು ಸಂಜೆಗೆ ಮನೆಗೆ ಹೋಗುವಂತೆ ಆಗಲಿ. ಅಲ್ಲಿನ ಅಳತೆಯನ್ನು ರಾಷ್ಟ್ರೀಯ ಸಂಸ್ಥೆಗಳು ಒಪ್ಪಿ ಪ್ರಮಾಣಪತ್ರ ಕೊಡಲಿ. ಫೇಲಾದರೆ ಯಾಕೆ ಫೇಲಾಯಿತೆಂದು ಕನ್ನಡದಲ್ಲಿ, ಡ್ರಾಯಿಂಗಿನ ಮೇಲೇ ಗುರುತು ಹಾಕಿ ತಿಳಿಸಲಿ. ಸರ್ಕಾರದ ಹಣದಲ್ಲಿ ಆದ ಒಳ್ಳೆಯ ವಿನ್ಯಾಸವಿದ್ದರೆ ಅದರ ನಕ್ಷೆ, ಸಾಮಾನಿನ ಪಟ್ಟಿ ಎಲ್ಲ ಶೆಡ್ಡಿನವರಿಗೂ ಸಿಗಲಿ. ಇದರ ಜೊತೆಗೆ, ಊರೂರು ತಿರುಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರುವ ಒಬ್ಬಿಬ್ಬರು ಎಂಜಿನಿಯರುಗಳು ಬೇಕು. ಅವರ ಬಡ್ತಿಯನ್ನು ಪ್ರಬಂಧ ಎಣಿಸಿ ನಿರ್ಧರಿಸುವುದಾದರೆ ಯಾರೂ ಬರುವುದಿಲ್ಲ. ಎಷ್ಟು ಶೆಡ್ಡುಗಳ ಮಾಲು ಪಾಸಾಯಿತು ಎನ್ನುವುದನ್ನೂ ಎಣಿಸಬೇಕಾಗುತ್ತದೆ.

ಮಾಜಾಳಿ ಮತ್ತು ಶಿರಸಿಯ ಕಾಲೇಜಿನವರು ಕೂಡಿ ಒಂದು ಪ್ರಸ್ತಾವ ಬರೆಯುವುದಾದರೆ ಅಡಿಕೆ ಒಲೆಗೆ ಎಷ್ಟು ಸೌದೆ ಹೋಗುತ್ತದೆ, ಯಾವ ಭಾಗ ಮೊದಲು ಸುಟ್ಟು ಹೋಗುತ್ತದೆ, ಕರಾವಳಿಯಿಂದ ಯಾವ ಪೆಟ್ಟಿಗೆ ರಿಪೇರಿಗೆ ವಾಪಸು ಬಂತು ಎನ್ನುವ ನಮ್ಮ ಪುಸ್ತಕವನ್ನು ಕೊಡಲು ಸಿದ್ಧಳಿದ್ದೇನೆ. ಬೇರೆ ಶೆಡ್ಡಿನವರನ್ನೂ ಒಪ್ಪಿಸುತ್ತೇನೆ. ಜಿಲ್ಲೆಯ ಸಂಸದರು ಆ ಪ್ರಸ್ತಾವವನ್ನು ದೆಹಲಿಗೆ ಒಯ್ಯಬೇಕು. ನವೆಂಬರಿನಲ್ಲಿ ಅಡಿಕೆ ಕೊಯ್ಲು ಶುರುವಾದರೆ ನಮಗೆ ಯಾರಿಗೂ ತಲೆ ಎತ್ತಲು ಪುರಸೊತ್ತಿರುವುದಿಲ್ಲ, ಬರುವವರು ಅದರೊಳಗೆ ಬರಲಿ. ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಒಂಬತ್ತರಿಂದ ಶೆಡ್ ತೆರೆದಿರುತ್ತದೆ.

ಇಂತಿ,
ಅಡಿಕೆ ಒಲೆ, ಡ್ರೈಯರ್ ತಯಾರಿಸುವ ಒಬ್ಬ ಮಹಿಳೆ
ಶಿರಸಿ, ಉತ್ತರ ಕನ್ನಡ